ಜೋಡಿಯನ್ನು ಮೀನೇ ಹುಡುಕಿಕೊಳ್ಳಲಿ

ಜಿಲೇಬಿ ಮೀನಿಗೆ ಮರಿ ಮಾಡಿಸುವುದು ಹೇಗೆಂದು ಮೈಸೂರಿನಲ್ಲಿ ಯಾರೂ ಕೇಳುವುದಿಲ್ಲ. ಅದು ಬೇಡವೆಂದರೂ ಮರಿ ಮಾಡುತ್ತದೆ. 1952ರಲ್ಲಿ ಭಾರತಕ್ಕೆ ತಂದ ಆಫ್ರಿಕಾ ಮೂಲದ ಈ ತಿಲಾಪಿಯಾ ಇಂದು ಸಣ್ಣಪುಟ್ಟ ಕೆರೆಗಳಲ್ಲೂ ಬೀಡುಬಿಟ್ಟಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಕೆರೆಯಂಚಿನ ಕೆಸರಿನಲ್ಲಿ ದುಂಡನೆಯ ಗುಳಿಗಳು ಕಾಣುತ್ತವಲ್ಲ, ಅವು ಗಂಡು ಜಿಲೇಬಿಗಳು ತೋಡಿದ ಗೂಡುಗಳು. ಹೆಣ್ಣು ಅಲ್ಲಿಗೆ ಬಂದು ಮೊಟ್ಟೆಯಿಟ್ಟು, ಕೂಡಲೇ ಅವನ್ನು ಬಾಯಿಗೆ ತುಂಬಿಕೊಂಡು ಹೊರಟುಬಿಡುತ್ತದೆ.

ಏಂಜಲ್, ಆಸ್ಕರ್, ಡಿಸ್ಕಸ್ ಇವೆಲ್ಲ ಅದೇ ಕುಟುಂಬದವು. ಸಿಕ್ಲಿಡ್ ಎಂಬ ಈ ದೊಡ್ಡ ಕುಟುಂಬದಲ್ಲಿ ಈವರೆಗೆ ಗುರುತಿಸಿರುವ ಜಾತಿಗಳೇ 1,700ಕ್ಕೂ ಹೆಚ್ಚು. ಆದರೆ ಚಾಮುಂಡಿ ಬೆಟ್ಟದ ತಪ್ಪಲಿನ ಯಾವುದೋ ಮನೆಯ ಹಜಾರದಲ್ಲಿ, ಚೆನ್ನಾಗಿ ತಿಂದುಂಡು ಬೆಳೆದ ಏಂಜಲ್ ಮೀನು ಎರಡು ವರ್ಷವಾದರೂ ಒಂದು ಮೊಟ್ಟೆ ಇಟ್ಟಿರುವುದಿಲ್ಲ. ಮನೆಯವರು ಅಂಗಡಿಗೆ ಹೋಗಿ ಇನ್ನೂ ದುಬಾರಿಯ ಆಹಾರ ತರುತ್ತಾರೆ, ಯಾರೋ ಹೇಳಿದರೆಂದು ಯಾವುದೋ ದ್ರಾವಣದ ಹನಿ ಬಿಡುತ್ತಾರೆ. ಹೆಚ್ಚಿನ ಸಂದರ್ಭಗಳಲ್ಲಿ ಕೊರತೆ ಇರುವುದು ಅಲ್ಲಲ್ಲ. ತೊಟ್ಟಿಯಲ್ಲಿರುವ ಎರಡು ಮೀನು ಜೋಡಿಯೇ ಆಗಿರುವುದಿಲ್ಲ, ಇಲ್ಲವೇ ಆ ಜೋಡಿಗೆ ತನ್ನದೆನ್ನುವ ಮೂಲೆ ಸಿಕ್ಕಿರುವುದಿಲ್ಲ.

ಜೋಡಿಯ ಮಾತು ಮೊದಲು. ಅಂಗಡಿಯವರು ಒಂದೇ ಕವರಿನಲ್ಲಿ ಎರಡು ಮೀನು ಹಾಕಿ ‘ಪೇರ್’ ಎಂದು ಕೊಡುವುದುಂಟು. ಅವೆರಡೂ ಹೆಣ್ಣಾಗಿರಬಹುದು, ಎರಡೂ ಗಂಡಾಗಿರಬಹುದು. ಒಂದು ಗಂಡು ಒಂದು ಹೆಣ್ಣೇ ಆಗಿದ್ದರೂ ಪರಸ್ಪರ ಒಪ್ಪಬೇಕೆಂದೇನೂ ಇಲ್ಲ. ಏಂಜಲ್‌ನಲ್ಲಿ ಗಂಡು ಯಾವುದು ಹೆಣ್ಣು ಯಾವುದು ಎಂದು ಹೊರನೋಟಕ್ಕೆ ಹೇಳುವುದು ಕಷ್ಟ. ಗಂಡಿಲ್ಲದೆ ಎರಡು ಹೆಣ್ಣುಗಳು ಜೋಡಿಯಾಗಿ ಮೊಟ್ಟೆಯಿಟ್ಟು ಕಾವಲು ಕೂರುವುದೂ ಇದೆ. ಆ ಮೊಟ್ಟೆಗಳೆಲ್ಲ ಎರಡನೇ ದಿನಕ್ಕೆ ಬೆಳ್ಳಗಾಗುತ್ತವೆ. ಮೊಟ್ಟೆಯಿಡುವ ಹೊತ್ತಿಗೆ ಹೊಟ್ಟೆಯ ಕೆಳಗೆ ಹೊರಚಾಚುವ ಪುಟ್ಟ ನಳಿಕೆಯೊಂದೇ ಖಚಿತ ಗುರುತು. ಹೆಣ್ಣಿನದು ದಪ್ಪ, ಮೊಂಡು. ಗಂಡಿನದು ಸಣ್ಣದು, ಚೂಪು.

ಅನುಭವಿಗಳು ಹಿಡಿಯುವ ದಾರಿ ಬೇರೆ. ರೂಪಾಯಿ ನಾಣ್ಯದಷ್ಟಿರುವ ಆರೇಳು ಮರಿಗಳನ್ನು ತಂದು ಒಟ್ಟಿಗೆ ಬೆಳೆಸುತ್ತಾರೆ. ಎಂಟು ಹತ್ತು ತಿಂಗಳಿಗೆ ಅವುಗಳಲ್ಲೇ ಎರಡು ಮೀನು ಗುಂಪಿನಿಂದ ಸರಿದು ಒಂದು ಮೂಲೆ ಹಿಡಿಯುತ್ತವೆ, ಹತ್ತಿರ ಬಂದವರನ್ನು ಅಟ್ಟುತ್ತವೆ. ಆಗ ಉಳಿದವನ್ನು ಬೇರೆ ತೊಟ್ಟಿಗೆ ಸಾಗಿಸಿ ಆ ಎರಡಕ್ಕೆ ಜಾಗ ಬಿಟ್ಟುಕೊಟ್ಟರೆ ಅರ್ಧ ಕೆಲಸ ಮುಗಿದಂತೆ. ಆರು ಮರಿಗೆ ಖರ್ಚು ಜಾಸ್ತಿ ಎನಿಸಬಹುದು. ಬೆಳೆದ ‘ಪೇರ್’ ಒಂದನ್ನು ತಂದು ಕಾಯುವುದಕ್ಕಿಂತ ಕೊನೆಗೆ ಅದೇ ಅಗ್ಗ.

ಬಲವಂತದ ಜೋಡಿ ಅಪಾಯಕಾರಿ ಕೂಡ. ಸಿಕ್ಲಿಡ್‌ಗಳು ಒಂದನ್ನೊಂದು ಪರೀಕ್ಷಿಸುವಾಗ ತುಟಿಗೆ ತುಟಿ ಕಚ್ಚಿ ಸೆಣಸುತ್ತವೆ. ವಿಜಯದಶಮಿಯಂದು ಅರಮನೆಯಲ್ಲಿ ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗದಂತೆಯೇ ಇದು, ಒಂದೇ ವ್ಯತ್ಯಾಸ: ಅಲ್ಲಿ ಮೊದಲ ರಕ್ತದ ಹನಿ ಕಂಡೊಡನೆ ಕಾಳಗ ನಿಲ್ಲಿಸುತ್ತಾರೆ, ತೊಟ್ಟಿಯಲ್ಲಿ ನಿಲ್ಲಿಸುವವರಿಲ್ಲ. ಸೋತ ಮೀನಿಗೆ ಓಡಿಹೋಗಲು ಕೆರೆಯಲ್ಲಿ ಜಾಗವಿರುತ್ತದೆ, ಎರಡಡಿಯ ಗಾಜಿನಲ್ಲಿ ಇರುವುದಿಲ್ಲ. ಒಂದು ಮೀನು ಮೇಲ್ಮೈಯ ಮೂಲೆಯಲ್ಲಿ ರೆಕ್ಕೆ ಮಡಚಿ ನಿಂತಿದ್ದರೆ ಅದನ್ನು ಆವತ್ತೇ ಬೇರೆ ಮಾಡಬೇಕು.

ಇಲ್ಲಿ ಪ್ಯಾರಟ್ ಮತ್ತು ಫ್ಲವರ್‌ಹಾರ್ನ್ ಮೀನಿನ ಬಗ್ಗೆ ಒಂದು ಮಾತು. ಎರಡೂ ಮನುಷ್ಯರು ಬೆರಕೆ ಮಾಡಿ ತಂದ ತಳಿಗಳು. ಫ್ಲವರ್‌ಹಾರ್ನ್ ಹುಟ್ಟಿದ್ದೇ 1990ರ ದಶಕದ ಮಲೇಷ್ಯಾದಲ್ಲಿ. ಪ್ಯಾರಟ್ ಗಂಡುಗಳು ಬಹುಪಾಲು ಬಂಜೆ. ಹೆಣ್ಣು ಮತ್ತೆ ಮತ್ತೆ ಮೊಟ್ಟೆಯಿಡುತ್ತದೆ, ಎರಡೂ ಸೇರಿ ನಿಷ್ಠೆಯಿಂದ ಗಾಳಿ ಬೀಸುತ್ತವೆ, ಏನೂ ಹೊರಬರುವುದಿಲ್ಲ. ಫ್ಲವರ್‌ಹಾರ್ನ್ ಗಂಡುಗಳಲ್ಲೂ ಇದೇ ತೊಂದರೆ ಸಾಮಾನ್ಯ. ಇವುಗಳ ಮರಿಗಾಗಿ ನೀರು, ಔಷಧಿ ಬದಲಿಸುತ್ತ ಕೂರುವುದು ವ್ಯರ್ಥ.

ಹಾಗಾದರೆ ಯಾವುದರಿಂದ ಶುರುಮಾಡಬಹುದು? ಮಧ್ಯ ಅಮೆರಿಕದ ಕಾನ್ವಿಕ್ಟ್ ಸಿಕ್ಲಿಡ್ ಎಲ್ಲಕ್ಕಿಂತ ಸುಲಭ. ಬೂದುಬಣ್ಣದ ಮೈಮೇಲೆ ಕಪ್ಪು ಪಟ್ಟೆ, ಹೆಣ್ಣಿನ ಹೊಟ್ಟೆಯಲ್ಲಿ ಕಿತ್ತಳೆ ಹೊಳಪು. ಗಂಡುಹೆಣ್ಣಿನ ಗೊಂದಲವೇ ಇಲ್ಲ. ಎರಡಡಿ ತೊಟ್ಟಿಯಲ್ಲಿ ಮಗುಚಿದ ಕುಡಿಕೆಯೊಂದನ್ನಿಟ್ಟರೆ ಮಿಕ್ಕದ್ದನ್ನು ಅವೇ ನೋಡಿಕೊಳ್ಳುತ್ತವೆ. ಪಶ್ಚಿಮ ಆಫ್ರಿಕಾದ ಕ್ರಿಬ್ ಅಥವಾ ಕ್ರಿಬೆನ್ಸಿಸ್ ಇನ್ನೊಂದು ಒಳ್ಳೆಯ ಆಯ್ಕೆ. ಅದರ ಹೆಣ್ಣು ಬಸಿರಿನ ಹೊತ್ತಿಗೆ ಹೊಟ್ಟೆಯನ್ನು ಕಡುಗೆಂಪಾಗಿಸಿಕೊಂಡು ಗಂಡಿನೆದುರು ಮೈ ಬಳುಕಿಸುತ್ತದೆ, ಓಲೈಸುವ ಕೆಲಸ ಹೆಚ್ಚಾಗಿ ಅದರದೇ. ಕ್ರಿಬ್‌ನ ಮರಿಗಳಲ್ಲಿ ಗಂಡೆಷ್ಟು ಹೆಣ್ಣೆಷ್ಟು ಎಂಬುದರ ಮೇಲೆ ನೀರಿನ ಪಿಎಚ್ ಪ್ರಭಾವ ಬೀರುತ್ತದೆ; ನೀರು ಹುಳಿಯಾದಷ್ಟೂ ಗಂಡುಗಳ ಪಾಲು ಹೆಚ್ಚು.

ಮಲಾವಿ ಸರೋವರದ ಹಳದಿ, ನೀಲಿ ಮೀನುಗಳ ಕಥೆ ಪೂರ್ತಿ ಬೇರೆ. ಅವುಗಳಲ್ಲಿ ಜೋಡಿಯೆಂಬುದಿಲ್ಲ, ಒಂದು ಗಂಡಿಗೆ ಮೂರುನಾಲ್ಕು ಹೆಣ್ಣು ಬೇಕು. ಹೆಣ್ಣು ಮೊಟ್ಟೆಯಿಟ್ಟೊಡನೆ ಬಾಯಿಗೆ ತುಂಬಿಕೊಳ್ಳುತ್ತದೆ. ಗಂಡಿನ ಹಿಂಬದಿಯ ಕೆಳರೆಕ್ಕೆಯ ಮೇಲೆ ಮೊಟ್ಟೆಯನ್ನೇ ಹೋಲುವ ಹಳದಿ ಚುಕ್ಕೆಗಳಿರುತ್ತವೆ. ಅವನ್ನೂ ಮೊಟ್ಟೆಯೆಂದು ಬಗೆದು ಕಚ್ಚಹೋದಾಗ ಗಂಡಿನ ವೀರ್ಯ ಹೆಣ್ಣಿನ ಬಾಯಿ ಸೇರುತ್ತದೆ. ಜರ್ಮನಿಯ ವೋಲ್ಫ್‌ಗಾಂಗ್ ವಿಕ್ಲರ್ 1962ರಲ್ಲಿ ಈ ಸಂಗತಿಯನ್ನು ವಿವರಿಸಿದರು. ಮುಂದೆ ಸುಮಾರು ಮೂರು ವಾರ ಆ ತಾಯಿ ಏನನ್ನೂ ತಿನ್ನುವುದಿಲ್ಲ. ಗದ್ದ ಉಬ್ಬಿ, ಆಹಾರ ಹಾಕಿದರೂ ದೂರ ನಿಂತ ಹೆಣ್ಣು ಕಂಡರೆ ಅದನ್ನು ಮೆಲ್ಲಗೆ ಬೇರೆ ಪುಟ್ಟ ತೊಟ್ಟಿಗೆ ಬಿಡಬೇಕು. ಮರಿ ಉಗುಳಿದ ಮೇಲೂ ನಾಲ್ಕು ದಿನ ಅಲ್ಲೇ ತಿನ್ನಿಸಿ ಸುಧಾರಿಸಬೇಕು.

ಇಷ್ಟೆಲ್ಲ ವಿದೇಶಿಗಳ ನಡುವೆ ಮರೆತುಹೋಗುವುದು ನಮ್ಮದೇ ಸಿಕ್ಲಿಡ್‌ಗಳು. ಭಾರತದಲ್ಲಿ ಸಹಜವಾಗಿ ಇರುವುದು ಮೂರೇ ಜಾತಿ, ಮೂರೂ ಕರಾವಳಿ ಕಡೆಯವು. ಕೇರಳ 2010ರಲ್ಲಿ ರಾಜ್ಯ ಮೀನೆಂದು ಘೋಷಿಸಿದ ಕರಿಮೀನು ಒಂದು. ಅದು ಅಡಿಗೂ ಮೀರಿ ಬೆಳೆಯಬಲ್ಲದಾದ್ದರಿಂದ ಹಜಾರದ ತೊಟ್ಟಿಗಿಂತ ತವೆಗೆ ಹೆಚ್ಚು ಪರಿಚಿತ. ಎರಡನೆಯದು ಕೆನರಾ ಪರ್ಲ್‌ಸ್ಪಾಟ್. ಫ್ರಾನ್ಸಿಸ್ ಡೇ 1877ರಲ್ಲಿ ದಕ್ಷಿಣ ಕನ್ನಡದ ಮೀನೆಂದು ವಿವರಿಸಿದ ಇದು ನೇತ್ರಾವತಿ, ಕುಮಾರಧಾರಾ ಕಡೆಯ ಸಿಹಿನೀರಿನದು. ಇಂದು ಅಳಿವಿನಂಚಿನ ಜೀವಿಗಳ ಸಾಲಿನಲ್ಲಿದೆ. ಹೊಳೆಯಿಂದ ಹಿಡಿದು ತಂದ ಕೆನರಾ ಮೀನನ್ನು ಯಾರಾದರೂ ಮಾರಲು ಬಂದರೆ ಕೊಳ್ಳದಿರುವುದೇ ಸರಿ.

ಮೂರನೆಯದು ಆರೆಂಜ್ ಕ್ರೋಮೈಡ್. ಅಂಗೈಯೊಳಗೆ ಅಡಗುವ, ಎಂಟು ಸೆಂಟಿಮೀಟರಿನ ಆಸುಪಾಸಿನ ಈ ಮೀನು ಮನೆಯಲ್ಲಿ ಮರಿ ಮಾಡಿಸಲು ಹೇಳಿ ಮಾಡಿಸಿದಂತಿದೆ. ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ ಅಪ್ಪಟ ಹಳದಿಯ ಸಾಕು ತಳಿ. ಹಿನ್ನೀರಿನ ಮೀನಾದ್ದರಿಂದ ಲೀಟರಿಗೆ ಎರಡು ಮೂರು ಗ್ರಾಂ ಕಲ್ಲುಪ್ಪು ಹಾಕಿದರೆ ಗೆಲುವಾಗಿರುತ್ತದೆ, ಸಿಹಿನೀರಿಗೂ ಹೊಂದಿಕೊಳ್ಳುತ್ತದೆ. ನಸುಗಪ್ಪಾದ ಹೊಟ್ಟೆ ಕಂಡರೆ ಕಾಲ ಹತ್ತಿರವಾಯಿತೆಂದು ತಿಳಿಯಬಹುದು. ಕಲ್ಲಿನ ಮರೆಯಲ್ಲಿ ಒಂದೊಂದೂ ಪುಟ್ಟ ತೊಟ್ಟಿನಲ್ಲಿ ನೇತಾಡುವ ಇನ್ನೂರರಷ್ಟು ಮೊಟ್ಟೆ ಅಂಟಿಸುತ್ತವೆ. ತಾಪಮಾನಕ್ಕೆ ತಕ್ಕಂತೆ ನಾಲ್ಕೈದು ದಿನಕ್ಕೆ ಒಡೆಯುತ್ತವೆ. ಮರಿಗಳನ್ನು ತಂದೆತಾಯಿ ಮರಳಿನ ಗುಳಿಯಿಂದ ಗುಳಿಗೆ ಬಾಯಲ್ಲಿ ಸಾಗಿಸುತ್ತವೆ.

ಈಜಲು ಕಲಿತ ಮರಿಗಳು ತಂದೆತಾಯಿಯ ಮೈಗೆ ಮುತ್ತಿ ಲೋಳೆಯನ್ನು ಕಚ್ಚಿ ತಿನ್ನುವುದು ನೋಡಬೇಕಾದ ನೋಟ. ವಾರ್ಡ್ ಮತ್ತು ಬಾರ್ಲೊ ಎಂಬ ವಿಜ್ಞಾನಿಗಳು 1967ರಲ್ಲಿ ಈ ನಡವಳಿಕೆಯ ಬಗ್ಗೆ ವಿವರವಾದ ಅಧ್ಯಯನ ಪ್ರಕಟಿಸಿದರು. ಐದು ವರ್ಷದ ನಂತರ ವಾರ್ಡ್ ಇನ್ನೊಬ್ಬ ಸಂಶೋಧಕ ವೈಮನ್ ಜೊತೆಗೂಡಿ ಮತ್ತೊಂದು ಸಂಗತಿ ಮುಂದಿಟ್ಟರು: ಆರೆಂಜ್ ಕ್ರೋಮೈಡ್‌ನ ಎಳೆಯ ಮೀನುಗಳು ಕರಿಮೀನಿನ ಮೈ ಶುಚಿ ಮಾಡುತ್ತವೆ. ಇಂಥ ಮೀನು ನಮ್ಮದೇ ಕರಾವಳಿಯ ಹಿನ್ನೀರಿನಲ್ಲಿರುವಾಗ ಮೈಸೂರಿನ ಹವ್ಯಾಸಿ ಮೊದಲು ಮಲಾವಿಯ ಹೆಸರು ಹೇಳುವುದು ಸ್ವಲ್ಪ ಬೇಸರದ ವಿಷಯವೇ.

ಮೀನು ಯಾವುದೆಂದು ನಿರ್ಧರಿಸುವ ಮುಂಚೆ ನಲ್ಲಿಯಲ್ಲಿ ಬರುವುದು ಯಾವ ನೀರೆಂದು ನೋಡುವುದು ಜಾಣತನ. ಮೈಸೂರು ನಗರಕ್ಕೆ ಹೊಂಗಳ್ಳಿ, ಬೆಳಗೊಳ, ಮೇಳಾಪುರದ ಕಾವೇರಿ ನೀರೂ ಬಿದರಗೋಡಿನ ಕಬಿನಿ ನೀರೂ ಬರುತ್ತದೆ. ಹೊಳೆನೀರು ಬೋರ್‌ವೆಲ್ ನೀರಿಗಿಂತ ಮೆದು. ಗೀಸರಿನ ಕಾಯಿಲ್‌ಗೆ, ಬಕೆಟ್ಟಿನ ಅಂಚಿಗೆ ಬಿಳಿಯ ಪೊರೆ ಕಟ್ಟುವ ಮನೆಗಳಲ್ಲಿ ನೀರು ಗಡಸು ಎಂದು ಪರೀಕ್ಷೆಯಿಲ್ಲದೆಯೂ ಹೇಳಬಹುದು. ಆ ಗಡಸು ನೀರು ಮಲಾವಿ ಮೀನಿಗೆ ಹಬ್ಬ, ಅದಕ್ಕೆ ಪಿಎಚ್ 7.8ರ ಮೇಲಿದ್ದರೇ ಹಿತ. ಕಾನ್ವಿಕ್ಟ್‌ಗೂ ತಕರಾರಿಲ್ಲ. ಏಂಜಲ್‌ಗೆ 6.5ರಿಂದ 7ರೊಳಗಿನ ಮೆದು ನೀರು ಚೆನ್ನ. ಡಿಸ್ಕಸ್‌ಗಂತೂ ಅದು ಬೇಕೇ ಬೇಕು. ಗಡಸು ನೀರಿನವರು ಅಡುಗೆಮನೆಯ ಆರ್‌ಓ ನೀರನ್ನು ಅರ್ಧಕ್ಕರ್ಧ ಬೆರೆಸಬಹುದು. ಬರೀ ಆರ್‌ಓ ನೀರಿನಲ್ಲಿ ಲವಣವೇ ಇಲ್ಲದಂತಾಗಿ ಪಿಎಚ್ ಏಕಾಏಕಿ ಕುಸಿಯುತ್ತದೆ.

ಸುಲಭದ ಇನ್ನೊಂದು ಉಪಾಯ ಬೀದಿಯಲ್ಲೇ ಬಿದ್ದಿರುತ್ತದೆ. ಕಾಡುಬಾದಾಮಿ ಮರದಿಂದ ತಾನಾಗಿ ಉದುರಿ ಕೆಂಪಗೆ ಒಣಗಿದ ಎಲೆಯನ್ನು ತೊಳೆದು ಹಾಕಿದರೆ ನೀರು ಚಹದ ಬಣ್ಣ ತಾಳುತ್ತದೆ, ಪಿಎಚ್ ತುಸು ಇಳಿಯುತ್ತದೆ, ಮೊಟ್ಟೆಗೆ ಬೂಸ್ಟು ಹಿಡಿಯುವುದೂ ತಕ್ಕಮಟ್ಟಿಗೆ ಕಡಿಮೆ. ಗಡಸು ನೀರಿನಲ್ಲಿ ಇದರಿಂದ ಪವಾಡ ನಿರೀಕ್ಷಿಸಬಾರದು.

ನಲ್ಲಿ ನೀರಿನ ಕ್ಲೋರಿನ್ ಕಡೆಗಣಿಸುವಂಥದ್ದಲ್ಲ. ಒಂದು ದಿನ ತೆರೆದ ಬಕೆಟ್ಟಿನಲ್ಲಿ ಬಿಟ್ಟರೆ, ಏರ್ ಪಂಪ್ ಹಚ್ಚಿದರೆ ಇನ್ನೂ ಬೇಗ, ಹೊರಟುಹೋಗುತ್ತದೆ. ಅವಸರವಿದ್ದರೆ ಆ್ಯಂಟಿ ಕ್ಲೋರಿನ್ ಹನಿ ಸಾಕು. ಹೊಸ ತೊಟ್ಟಿಯನ್ನು ನಾಲ್ಕರಿಂದ ಆರು ವಾರ ಓಡಿಸಿ, ಅಮೋನಿಯ ಮತ್ತು ನೈಟ್ರೈಟ್ ಸೊನ್ನೆಗೆ ಬಂದಮೇಲೆಯೇ ಜೋಡಿಯನ್ನು ಬಿಡಬೇಕು.

ತೊಟ್ಟಿಗೆ ಹಾಕುವ ಕಲ್ಲೂ ನೀರನ್ನು ಬದಲಿಸಬಲ್ಲದು. ಚಾಮುಂಡಿ ಬೆಟ್ಟ ಗ್ರಾನೈಟಿನದು, ಗ್ರಾನೈಟು ನೀರಿನಲ್ಲಿ ಕರಗದು, ಪಿಎಚ್ ಮುಟ್ಟದು. ಹಾಗೆಂದು ಬೆಟ್ಟದಿಂದ ಕಲ್ಲು ಹೊತ್ತು ತರುವಂತಿಲ್ಲ, ಅದು ಮೀಸಲು ಅರಣ್ಯ. ಮನೆ ಕಟ್ಟುವ ಕಡೆ ಮಿಕ್ಕ ಗ್ರಾನೈಟ್ ಚೂರು ಸಿಕ್ಕರೆ ಸಾಕು. ಅಮೃತಶಿಲೆ, ಸುಣ್ಣಕಲ್ಲು, ಕಪ್ಪೆಚಿಪ್ಪು ಇವು ನೀರನ್ನು ಗಡಸು ಮಾಡುತ್ತವೆ; ಮಲಾವಿ ಮೀನಿಗೆ ಒಳ್ಳೆಯದು, ಏಂಜಲ್‌ಗೆ ಬೇಡ. ಗೊತ್ತಾಗದ ಕಲ್ಲಿನ ಮೇಲೆ ನಿಂಬೆರಸ ಹಿಂಡಿದಾಗ ನೊರೆಯುಕ್ಕಿದರೆ ಅದರಲ್ಲಿ ಸುಣ್ಣವಿದೆ.

ಮೊಟ್ಟೆಯಿಡಲು ಅಂಗಡಿಯ ದುಬಾರಿ ಕೋನ್ ಬೇಕಿಲ್ಲ. ಏಂಜಲ್ ನಿಂತ, ನುಣುಪಾದ ಮೇಲ್ಮೈ ಬಯಸುತ್ತದೆ. ಅಗಲ ಎಲೆಯ ಅಮೆಜಾನ್ ಸ್ವೋರ್ಡ್ ಗಿಡ, ಇಳಿಜಾರಾಗಿ ಒರಗಿಸಿದ ಮಂಗಳೂರು ಹೆಂಚಿನ ತುಂಡು, ಪಿವಿಸಿ ಪೈಪು, ಯಾವುದಾದರೂ ಆದೀತು. ಏನೂ ಸಿಗದಿದ್ದರೆ ಹೀಟರಿನ ಮೇಲೆಯೇ ಇಟ್ಟುಬಿಡುತ್ತದೆ. ಕ್ರಿಬ್‌ಗೆ ಗುಹೆ ಬೇಕು. ಅಂಚಿನಲ್ಲಿ ಸಣ್ಣ ಬಾಗಿಲು ಕೊರೆದು ಬೋರಲಾಗಿಟ್ಟ ತೆಂಗಿನ ಕರಟ ಅದಕ್ಕೆ ಅರಮನೆ. ಕರಟವನ್ನು ಮೊದಲು ಹತ್ತಾರು ನಿಮಿಷ ಕುದಿಸಿ, ನೀರು ತಿಳಿಯಾಗುವವರೆಗೂ ಬದಲಿಸಬೇಕು. ಕಾನ್ವಿಕ್ಟ್ ಮತ್ತು ಕ್ರೋಮೈಡ್‌ಗೆ ಬಣ್ಣ ಬಳಿಯದ ಮಣ್ಣಿನ ಕುಡಿಕೆ ಮಲಗಿಸಿದರೂ ನಡೆಯುತ್ತದೆ. ತೊಟ್ಟಿಯ ಮೂರು ಬದಿಗೆ ಕಾಗದ ಅಂಟಿಸಿದರೆ ಓಡಾಡುವವರ ನೆರಳಿನಿಂದ ಜೋಡಿ ಬೆದರುವುದು ತಪ್ಪುತ್ತದೆ.

ಬೆಟ್ಟದ ತಪ್ಪಲಿನಲ್ಲಿ ಮರೆಯಲಾಗದ ಇನ್ನೊಂದು ವಿಷಯ ಚಳಿ. ಡಿಸೆಂಬರ್, ಜನವರಿಯ ಮುಂಜಾನೆಗಳಲ್ಲಿ ಮೈಸೂರಿನ ತಾಪಮಾನ 16–17 ಡಿಗ್ರಿಗೆ ಇಳಿಯುತ್ತದೆ. ಹೀಟರಿಲ್ಲದ ತೊಟ್ಟಿಯಲ್ಲಿ ಮೀನು ಬದುಕೀತು, ಮೊಟ್ಟೆಯ ಮಾತು ಎತ್ತುವುದಿಲ್ಲ. ಏಂಜಲ್‌ಗೆ 27–28 ಡಿಗ್ರಿ, ಕಾನ್ವಿಕ್ಟ್ ಮತ್ತು ಕ್ರಿಬ್‌ಗೆ 26ರ ಸುತ್ತ, ಮಲಾವಿಯವಕ್ಕೆ 25–27 ಬೇಕು. ಹಗಲು 27, ರಾತ್ರಿ 21 ಎಂಬ ಏರಿಳಿತ ಸದಾ 24 ಇರುವುದಕ್ಕಿಂತ ಕೆಟ್ಟದ್ದು. ಫಿಲ್ಟರ್ ಯಾವುದೆಂದು ಕೇಳಿದರೆ ಏರ್ ಪಂಪಿಗೆ ಜೋಡಿಸುವ ಸ್ಪಂಜ್ ಫಿಲ್ಟರ್ ಒಂದೇ ಉತ್ತರ, ಮೋಟರ್ ಫಿಲ್ಟರ್ ಮರಿಗಳನ್ನು ಸೆಳೆದುಕೊಂಡುಬಿಡುತ್ತದೆ. ಕರೆಂಟ್ ಹೋಗುವ ಬಡಾವಣೆಯಲ್ಲಿ ಬ್ಯಾಟರಿಯ ಏರ್ ಪಂಪೊಂದು ಕೈಗೆಟುಕುವಂತಿರಲಿ.

ಎಲ್ಲ ಸಿದ್ಧವಾದ ಮೇಲೆ ಎರಡು ವಾರ ಊಟ ಸುಧಾರಿಸಬೇಕು. ದಿನಾ ಒಂದೇ ಗುಳಿಗೆಯ ಬದಲು ಫ್ರೀಜ್ ಮಾಡಿದ ರಕ್ತಹುಳು, ಆರ್ಟೀಮಿಯಾ ಎಂಬ ಪುಟ್ಟ ಉಪ್ಪುನೀರಿನ ಸಿಗಡಿ, ಆಗಾಗ ಸೊಳ್ಳೆಮರಿ. ಮಲಾವಿಯ ಪಾಚಿ ತಿನ್ನುವ ಮೀನುಗಳಿಗೆ ಮಾತ್ರ ಇಂಥ ಮಾಂಸಾಹಾರ ಹೊಟ್ಟೆ ಕೆಡಿಸುತ್ತದೆ, ಅವಕ್ಕೆ ಸ್ಪಿರುಲಿನಾ ಮೇಲು. ಆಮೇಲೆ ಮಳೆಯ ನಾಟಕ. ದಕ್ಷಿಣ ಅಮೆರಿಕದ ಹಲವು ಸಿಕ್ಲಿಡ್‌ಗಳಿಗೆ ಮಳೆಗಾಲವೇ ಸಂತಾನದ ಕಾಲ. ಮೂರನೇ ಒಂದು ಭಾಗ ನೀರು ತೆಗೆದು, ತೊಟ್ಟಿಗಿಂತ ಒಂದೆರಡು ಡಿಗ್ರಿ ತಣ್ಣಗಿರುವ ತಾಜಾ ನೀರನ್ನು ನಿಧಾನವಾಗಿ ತುಂಬಿದರೆ ಎಷ್ಟೋ ಜೋಡಿಗಳು ಮರುದಿನವೇ ಕಲ್ಲು ಉಜ್ಜಲು ತೊಡಗುತ್ತವೆ. ಮೊಟ್ಟೆಯಿಡುವ ಜಾಗವನ್ನು ಬಾಯಿಂದ ಕಚ್ಚಿ ಕಚ್ಚಿ ಶುಚಿ ಮಾಡುವ ಈ ಕೆಲಸ ಶುರುವಾದರೆ ಕೈಯನ್ನು ತೊಟ್ಟಿಯಿಂದ ದೂರವಿಡಬೇಕು.

ಮೊದಲ ಸಲ ಮೊಟ್ಟೆಯಿಟ್ಟ ಜೋಡಿ ಅದನ್ನು ತಾನೇ ತಿಂದುಹಾಕುವುದು ಅತಿ ಸಾಮಾನ್ಯ. ಎರಡು ಮೂರು ಸಲ ಹೀಗಾದರೂ ಜೋಡಿಯನ್ನು ಬಿಡಿಸಬಾರದು, ಏಂಜಲ್ ಹತ್ತು ಹದಿನೈದು ದಿನಕ್ಕೆ ಮತ್ತೆ ಇಡುತ್ತದೆ. ರಾತ್ರಿ ಮಂದ ಬೆಳಕು ಉಳಿಸಿದರೆ ತಂದೆತಾಯಿ ಮೊಟ್ಟೆಯ ಮೇಲಿನ ನಿಗಾ ಕಳೆದುಕೊಳ್ಳುವುದಿಲ್ಲ. ಬೆಳ್ಳಗಾದ ಮೊಟ್ಟೆಗಳನ್ನು ಅವು ಹೆಕ್ಕಿ ತಿನ್ನುವುದು ತಪ್ಪಲ್ಲ, ಬೂಸ್ಟು ಹರಡದಂತೆ ಮಾಡುವ ಕಸುಬು ಅದು. ಮತ್ತೆ ಮತ್ತೆ ಪೂರ್ತಿ ತಿನ್ನುವ ಜೋಡಿಯಾದರೆ ಮೊಟ್ಟೆಯಂಟಿದ ಹೆಂಚನ್ನು ಅದೇ ನೀರು ತುಂಬಿದ ಗಾಜಿನ ಪಾತ್ರೆಗೆ ಸಾಗಿಸಿ, ಪಕ್ಕದಲ್ಲಿ ಗಾಳಿಗುಳ್ಳೆ ಹರಿಸಿ, ಬೂಸ್ಟು ತಡೆಯುವ ಮೆಥಿಲೀನ್ ಬ್ಲೂ ಕೆಲವು ಹನಿ ಬಿಡಬಹುದು.

28 ಡಿಗ್ರಿಯಲ್ಲಿ ಏಂಜಲ್ ಮೊಟ್ಟೆ ಎರಡೂವರೆ ದಿನಕ್ಕೆ ಒಡೆಯುತ್ತದೆ. ಹೊರಬಂದವು ಈಜುವುದಿಲ್ಲ, ತಲೆಯಂಟಿಸಿಕೊಂಡು ಬಾಲ ಮಿಡುಕಿಸುತ್ತ ಇನ್ನೂ ನಾಲ್ಕೈದು ದಿನ ಹೊಟ್ಟೆಯ ಬಂಡಾರದ ಮೇಲೆಯೇ ಬದುಕುತ್ತವೆ. ಈ ಹೊತ್ತಿನಲ್ಲಿ ಆಹಾರ ಹಾಕಿದರೆ ನೀರು ಕೆಡುತ್ತದೆಯೇ ಹೊರತು ಯಾವ ಮರಿಯೂ ತಿನ್ನುವುದಿಲ್ಲ. ಈಜತೊಡಗಿದ ದಿನವೇ ಆಗ ತಾನೆ ಒಡೆದ ಆರ್ಟೀಮಿಯಾ ಮರಿ ಸಿಗಬೇಕು. ಅದಕ್ಕೆ ಲೀಟರ್ ನೀರಿಗೆ ಸುಮಾರು 25 ಗ್ರಾಂ ಕಲ್ಲುಪ್ಪು ಕರಗಿಸಿ, ಚಿಟಿಕೆ ಆರ್ಟೀಮಿಯಾ ಮೊಟ್ಟೆ ಉದುರಿಸಿ, ಮಗುಚಿದ ಬಾಟಲಿಯಲ್ಲಿ ಗಾಳಿ ಹರಿಸಿದರೆ 28 ಡಿಗ್ರಿಯಲ್ಲಿ ಒಂದು ದಿನಕ್ಕೆ ಒಡೆಯುತ್ತದೆ. ಮೈಸೂರಿನ ಜನವರಿಯಲ್ಲಿ ಇನ್ನೂ ಅರ್ಧ ದಿನ ಹೆಚ್ಚು ಹಿಡಿದೀತು. ಬೇಯಿಸಿದ ಮೊಟ್ಟೆಯ ಹಳದಿ ಅಗ್ಗವೆಂದು ಹಾಕುವವರಿದ್ದಾರೆ. ಒಂದು ಚಿಟಿಕೆ ಹೆಚ್ಚಾದರೂ ಬೆಳಗಾಗುವುದರೊಳಗೆ ನೀರು ನಾತ ಹೊಡೆದು ಮರಿಗಳೆಲ್ಲ ತಳ ಸೇರುತ್ತವೆ. ದಿನಕ್ಕೆ ಮೂರುನಾಲ್ಕು ಸಲ ಸ್ವಲ್ಪ ಸ್ವಲ್ಪ ತಿನ್ನಿಸಿ, ಏರ್ ಪಂಪಿನ ಸಣ್ಣ ಟ್ಯೂಬಿನಿಂದ ತಳದ ಕೊಳೆ ಎಳೆದು, ನಾಲ್ಕನೇ ಒಂದು ಭಾಗ ನೀರು ಬದಲಿಸುತ್ತಿರಬೇಕು.

ಇನ್ನೂರು ಮರಿ ಬದುಕಿಕೊಂಡರೆ ಏನು ಮಾಡುವುದೆಂಬ ಪ್ರಶ್ನೆಗೆ ಉತ್ತರ ಮೊಟ್ಟೆಗೆ ಮುಂಚೆಯೇ ಇರಬೇಕು. ಕಾನ್ವಿಕ್ಟ್ ಸಾಕಿದವರಿಗೆ ಈ ಪ್ರಶ್ನೆ ತಿಂಗಳು ತಿಂಗಳೂ ಬರುತ್ತದೆ. ಕಾರಂಜಿ ಕೆರೆಯಲ್ಲೋ ಬೆಟ್ಟದ ಮೇಲಿನ ದೇವಿಕೆರೆಯಲ್ಲೋ ಬಿಟ್ಟು ಪುಣ್ಯ ಕಟ್ಟಿಕೊಳ್ಳುವ ಯೋಚನೆ ಬೇಡವೇ ಬೇಡ. ಹೊರಗಿನಿಂದ ಬಂದ ಸಿಕ್ಲಿಡ್ ಊರಿನ ಮೀನುಗಳ ಜಾಗವನ್ನೂ ಮೊಟ್ಟೆಯನ್ನೂ ಕಬಳಿಸುತ್ತದೆ. ಅಂಗಡಿಯವರು ಕಣ್ಣಿಗೆ ಕಾಣದ ಮರಿಯನ್ನು ಕೊಳ್ಳುವುದಿಲ್ಲ. ಏಂಜಲ್ ಮರಿ ರೆಕ್ಕೆ ಮೂಡಿ ನಾಣ್ಯದಷ್ಟಾಗಲು ಆರೆಂಟು ವಾರ ಬೇಕು, ಅಷ್ಟು ಮರಿಗೆ ಮೂರಡಿಯ ಇನ್ನೊಂದು ತೊಟ್ಟಿಯೂ ಬೇಕು. ಅಂಗಡಿಯಲ್ಲಿ ಮೊದಲೇ ಮಾತಾಡಿ, ಎಷ್ಟು ಬೇಕೋ ಅಷ್ಟನ್ನೇ ಬೆಳೆಸಿ, ಮುಂದಿನ ಮೊಟ್ಟೆಗಳನ್ನು ಜೋಡಿಗೇ ಬಿಟ್ಟುಬಿಡುವವರಿದ್ದಾರೆ. ಸತತವಾಗಿ ಇಟ್ಟು ಸೊರಗಿದ ಹೆಣ್ಣಿಗೆ ನಡುವೆ ಜಾಲರಿ ಇಳಿಸಿ, ಗಂಡಿನ ಕಣ್ಣಿಗೆ ಕಾಣುವಂತೆಯೇ ಒಂದು ತಿಂಗಳು ಬಿಡುವು ಕೊಟ್ಟರೆ ಮೈ ತುಂಬಿಕೊಳ್ಳುತ್ತದೆ. ಪೂರ್ತಿ ಬೇರೆ ತೊಟ್ಟಿಗೆ ಹಾಕಿ ಮತ್ತೆ ತಂದು ಕೂಡಿಸಿದರೆ ಮಾತ್ರ ತುಟಿ ಕಚ್ಚಾಟ ಮೊದಲಿನಿಂದ ಶುರುವಾಗಬಹುದು.